ಬನವನ್ನು ಚಂದ ಮಾಡಲು ಹೋಗಿ

ನಮ್ಮ ಕುಟುಂಬದ ಮೂಲ ನಾಗಬನ ಇರುವುದು ಕಾಪು ಸಮೀಪ, ಗದ್ದೆ ಬಯಲಿನ ಅಂಚಿನಲ್ಲಿ. ನಾನು ಚಿಕ್ಕವನಿದ್ದಾಗ ಹೈಗ, ರೆಂಜೆ, ಸುರಹೊನ್ನೆ, ಬೈನೆ ಒತ್ತೊತ್ತಾಗಿ ಬೆಳೆದು ಮಧ್ಯಾಹ್ನವೂ ಅಲ್ಲಿ ನಸುಗತ್ತಲು. ನಾಗರಪಂಚಮಿಗೆ ತನು ಎರೆಯಲು ಹೋದರೆ ಹೋದೆವು, ಉಳಿದ ದಿನ ಯಾರೂ ಕಾಲಿಡುತ್ತಿರಲಿಲ್ಲ. "ಬನದ ಒಣಕಡ್ಡಿಯನ್ನೂ ಒಲೆಗೆ ತರಬಾರದು" ಎನ್ನುತ್ತಿದ್ದರು ಅಜ್ಜಿ.

ಹದಿನೈದು ವರ್ಷಗಳ ಹಿಂದೆ ಜೀರ್ಣೋದ್ಧಾರದ ಮಾತು ಬಂತು. ಮುಂಬಯಿಯಿಂದ ಬರುವವರಿಗೆ ಕೆಸರು, ನುಸಿಯ ಕಾಟ, ನಿಲ್ಲಲು ಜಾಗವಿಲ್ಲ. ಮುಂದೆ ನಿಂತು ಕೆಲಸ ಮಾಡಿಸಿದವನು ನಾನೇ. ಮರ ಕಡಿಸಿದೆವು, ಕಟ್ಟೆ ಕಟ್ಟಿಸಿದೆವು, ಸುತ್ತ ಇಂಟರ್‌ಲಾಕ್ ಹಾಸಿ ಕಾಂಪೌಂಡ್ ಎಬ್ಬಿಸಿದೆವು. ಚಂದವಾಯಿತೆಂದು ಎಲ್ಲರೂ ಫೋಟೋ ತೆಗೆದರು. ಅಜ್ಜಿ ಮಾತ್ರ, "ನಾಗನಿಗೆ ಬಿಸಿಲಾಗುವುದಿಲ್ವಾ ಮಗಾ?" ಎಂದರು. ನಾವು ನಕ್ಕೆವು.

ಅಜ್ಜಿ ಕೇಳಿದ್ದು ಸರಿಯಾಗಿಯೇ ಇತ್ತು. ಹಾವಿನ ಮೈ ನಮ್ಮ ಹಾಗೆ ತಾನೇ ಶಾಖ ಕಾಯ್ದುಕೊಳ್ಳದು. ಬಿಸಿಲಿಗೂ ನೆರಳಿಗೂ ಹರಿದಾಡಿಯೇ ಅದು ಹದ ಮಾಡಿಕೊಳ್ಳಬೇಕು. ನೆರಳು, ತರಗೆಲೆ, ಹುತ್ತ ಮೂರೂ ಹೋದ ಮೇಲೆ ಹಾವುಗಳು ಹಟ್ಟಿಗೆ, ಬಚ್ಚಲಿಗೆ ಬರತೊಡಗಿದವು. ನಾಗರಹಾವಾದರೆ ಕೈಮುಗಿದು ದಾರಿ ಬಿಟ್ಟೆವು. ಕೇರೆಗೆ ಆ ಮರ್ಯಾದೆ ಸಿಗಲಿಲ್ಲ. ಎರಡನ್ನು ಹೊಡೆದು ಹಾಕಿದ್ದಾಯಿತು. ಮರುವರ್ಷ ಹಟ್ಟಿಯ ತುಂಬ ಇಲಿ. ಮಳೆಗಾಲದಲ್ಲಿ ತಮ್ಮನಿಗೆ ಇಲಿಜ್ವರ. ಒಂದರಿಂದಲೇ ಇನ್ನೊಂದು ಆಯಿತೆಂದು ಹೇಳಲಾರೆ. ಆದರೆ ಇಲಿ ಹಿಡಿಯುವವರನ್ನು ಓಡಿಸಿದ್ದು ನಾವೇ.

ಇದಾದ ಮೇಲೂ ನನಗೆ ಬುದ್ಧಿ ಬಂದಿರಲಿಲ್ಲ. ನವಿಲಿನ ಕಾಟಕ್ಕೆಂದು ಬಸಳೆ ಚಪ್ಪರಕ್ಕೆ ಮಲ್ಪೆಯಿಂದ ತಂದ ಹಳೆಯ ಮೀನಿನ ಬಲೆ ಸುತ್ತಿದ್ದೆ. ಒಂದು ಬೆಳಿಗ್ಗೆ ಅದರಲ್ಲಿ ನಾಗರಹಾವು ಸಿಕ್ಕಿಬಿದ್ದಿತ್ತು. ಹಾವಿನ ಹುರುಪೆ ಹಿಂದಕ್ಕೆ ಬಾಗಿರುತ್ತದೆ. ಕಣ್ಣಿಯಲ್ಲಿ ತೂರಿದ ಮೈ ಮುಂದೆ ಹೋದೀತು, ಹಿಂದೆ ಬಾರದು. ಒದ್ದಾಡಿದಷ್ಟೂ ನೈಲಾನ್ ದಾರ ಮಾಂಸಕ್ಕಿಳಿಯುತ್ತದೆ. ಹಾವು ಹಿಡಿಯುವವರು ಬಂದು ಒಂದೊಂದೇ ಎಳೆ ಕತ್ತರಿಸಿ ಬಿಡಿಸಿದರು. ಗಾಯ ತೊಳೆದ ಮೇಲೆ, "ಇದನ್ನು ದೂರ ಒಯ್ದು ಬಿಟ್ಟರೆ ಜಾಗ ಗೊತ್ತಾಗದೆ ಕಷ್ಟಪಡ್ತದೆ. ಹತ್ತಿರ ಬನ ಉಂಟಾ?" ಎಂದು ಕೇಳಿದರು.

ಉಂಟು ಎಂದೆ. ಕರೆದುಕೊಂಡು ಹೋಗಿ ತೋರಿಸಿದೆ. ಬಿಸಿಲಿಗೆ ಕಾದಿದ್ದ ಇಂಟರ್‌ಲಾಕನ್ನೂ ಗೋಡೆಯನ್ನೂ ನೋಡಿ ಅವರು ಏನೂ ಹೇಳಲಿಲ್ಲ. ಹಾವನ್ನು ಪಕ್ಕದವರ ಹಾಡಿಯಲ್ಲಿ ಬಿಟ್ಟರು. ಅವತ್ತು ನನಗಾದ ನಾಚಿಕೆ ಅಷ್ಟಿಷ್ಟಲ್ಲ.

ಆ ಮಳೆಗಾಲ ಮೂರು ಬದಿಯ ಇಂಟರ್‌ಲಾಕ್ ಕಿತ್ತೆವು. ಗೋಡೆಯ ಬುಡದಲ್ಲಿ ನಾಲ್ಕು ಕಡೆ ಕಂಡಿ ಬಿಟ್ಟೆವು. ರೆಂಜೆ, ಸುರಹೊನ್ನೆ, ಹೈಗದ ಸಸಿ ನೆಟ್ಟೆವು. ಹೈಗ ಪಶ್ಚಿಮ ಘಟ್ಟದ ಆಸುಪಾಸು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಸಹಜವಾಗಿ ಬೆಳೆಯದ ಮರ. ಅದನ್ನು ಕಡಿಯಲು ನಮಗೆ ಅರ್ಧ ದಿನ ಸಾಕಾಗಿತ್ತು. ನೆಟ್ಟದ್ದು ಇನ್ನೂ ನನ್ನ ಹೆಗಲೆತ್ತರಕ್ಕೆ ಬಂದಿಲ್ಲ. ಬಿದ್ದ ಎಲೆ ಗುಡಿಸುವುದನ್ನೂ ಸುಡುವುದನ್ನೂ ನಿಲ್ಲಿಸಿದ್ದೇವೆ.

ಮನೆಯಲ್ಲೂ ಕೆಲವು ಅಭ್ಯಾಸ ಬದಲಾಯಿತು. ಬಲೆ ತೆಗೆದು ಬಿದಿರ ಬೇಲಿ ಹಾಕಿದೆ. ಬಲೆ ಕಟ್ಟಲೇಬೇಕಾದವರು ನೆಲದಿಂದ ಒಂದಡಿ ಎತ್ತರದಲ್ಲಿ, ಬಿಗಿಯಾಗಿ ಕಟ್ಟಿದರೆ ಹಾವು ಅಡಿಯಿಂದ ಹೋಗುತ್ತದೆ. ಕಾರ್ಕಳ ಕಡೆ ಚಿರತೆ ಬಾವಿಗೆ ಬಿದ್ದ ಸುದ್ದಿ ಆಗಾಗ ಓದುತ್ತೇವಲ್ಲ, ತೋಟದ ತೆರೆದ ಬಾವಿಗೆ ಕಟ್ಟೆ ಕಟ್ಟಿಸಿದೆ. ಹಾವು ಮನೆಯೊಳಗೆ ಬಂದರೆ ದೊಣ್ಣೆ ಹುಡುಕುವುದಿಲ್ಲ. ದೂರ ನಿಂತು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡುತ್ತೇವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾಗರನಷ್ಟೇ ಅಲ್ಲ, ಕೇರೆಯನ್ನು ಕೊಲ್ಲುವುದೂ ಅಪರಾಧ.

ಹೆಬ್ರಿಯ ನಮ್ಮ ಭಾವ ತೋಟಕ್ಕೆ ಕಾಳಿಂಗ ಬಂದರೆ ಸುಮ್ಮನೆ ದಾರಿ ಬಿಡುತ್ತಾರೆ. ಪಶ್ಚಿಮ ಘಟ್ಟದ ಕಾಳಿಂಗ ಬೇರೆಯೇ ಪ್ರಭೇದವೆಂದು 2024ರಲ್ಲಿ ಗುರುತಿಸಿದ ವಿಜ್ಞಾನಿಗಳು ಅದಕ್ಕೆ ನಮ್ಮ ಕನ್ನಡದ ಹೆಸರನ್ನೇ ಇಟ್ಟರು. ಹೆಸರು, ಹಾಲು, ಸೀಯಾಳ ಎಲ್ಲ ನಾವು ಕೊಡುವ ಮರ್ಯಾದೆ. ಹಾವಿಗೆ ಬೇಕಾದದ್ದು ಜಾಗ.

ಕಳೆದ ವರ್ಷ ರೆಂಜೆಯ ಬುಡದಲ್ಲಿ ಕೇರೆಯ ಪೊರೆ ಸಿಕ್ಕಿತು. ತೋರಿಸಲು ಅಜ್ಜಿ ಇರಲಿಲ್ಲ. ನಿಮ್ಮ ಕುಟುಂಬದಲ್ಲಿ ಬನದ ಜೀರ್ಣೋದ್ಧಾರದ ಮಾತು ಬಂದರೆ, ಸಿಮೆಂಟಿನ ಲೆಕ್ಕ ಹಾಕುವ ಮೊದಲು ಮನೆಯ ಹಿರಿಯರನ್ನು ಒಮ್ಮೆ ಕೇಳಿ. ಕೇಳಿ ನಗಬೇಡಿ.