ಸ್ಪೀಕರ್ ಕೊಳ್ಳುವ ಮುನ್ನ ಪಡಸಾಲೆಯನ್ನು ಕೇಳಿ

ಹೈದರಾಬಾದಿನ ಅಂಗಡಿಯಲ್ಲಿ ಕೇಳಿ ಮೆಚ್ಚಿದ ಸ್ಪೀಕರ್ ಬೀದರ್ ಕಡೆಯ ಸಾಯಗಾಂವದ ಪಡಸಾಲೆಗೆ ಬಂದ ಮೇಲೆ ಬೇರೆಯೇ ದನಿಯಲ್ಲಿ ಹಾಡುತ್ತದೆ. ಅಂಗಡಿಯ ಕೋಣೆಯಲ್ಲಿ ದಪ್ಪ ಗಾಲೀಚೆ, ಗೋಡೆಗೆ ಸ್ಪಂಜಿನ ಹಲಗೆ, ಮೆತ್ತನೆಯ ಸೋಫಾ ಇರುತ್ತವೆ. ನಮ್ಮ ಕಡೆಯ ಹೊಸ ಮನೆಗಳಲ್ಲಿ ಕೆಳಗೆ ಫರಸಿ ಅಥವಾ ಟೈಲ್ಸ್, ಸುತ್ತ ಸಿಮೆಂಟ್ ಗಿಲಾವು, ಮೇಲೆ ಸ್ಲ್ಯಾಬು. ಭಾಲ್ಕಿ, ಔರಾದ್, ಬೀದರ್ ಕಡೆಯಿಂದ ಲಕ್ಷಗಟ್ಟಲೆ ಹಣ ಹೊಂದಿಸಿಕೊಂಡು ಹೋಗುವವರು ಒಂದು ಮಾತು ತಿಳಿದಿರಬೇಕು: ಕಿವಿಗೆ ಬೀಳುವ ದನಿಯಲ್ಲಿ ಸ್ಪೀಕರಿನ ಪಾಲು ಎಷ್ಟು ದೊಡ್ಡದೋ ಕೋಣೆಯ ಪಾಲೂ ಅಷ್ಟೇ ದೊಡ್ಡದು.

1. ಮೊದಲು ಟೇಪು ಹಿಡಿದು ಕೋಣೆ ಅಳೆಯಿರಿ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಅದನ್ನು ಕೋಣೆಯ ಉದ್ದದ ಎರಡರಷ್ಟರಿಂದ ಭಾಗಿಸಿದರೆ ಕೋಣೆ ಯಾವ ಕೆಳಸ್ವರಕ್ಕೆ ಗುಂಯ್‌ಗುಡುತ್ತದೆ ಎಂಬುದು ಸಿಗುತ್ತದೆ. ಅಗಲ, ಎತ್ತರಕ್ಕೂ ಇದೇ ಲೆಕ್ಕ. 15 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರದ ಪಡಸಾಲೆಗೆ ಅವು ಸುಮಾರು 38, 47 ಮತ್ತು 56 ಹರ್ಟ್ಸ್. ಉದ್ದ ಅಗಲ ಎರಡೂ 12 ಅಡಿಯೇ ಆಗಿದ್ದರೆ ಒಂದೇ ಸ್ವರ ದುಪ್ಪಟ್ಟು ಉಬ್ಬುತ್ತದೆ. ಅಂಥ ಕೋಣೆಗೆ ಆಳೆತ್ತರದ ಸ್ಪೀಕರ್ ತರಬೇಡಿ. ಸ್ಟ್ಯಾಂಡಿನ ಮೇಲೆ ಕೂರುವ ಒಳ್ಳೆಯ ಚಿಕ್ಕ ಜೋಡಿಯೇ ಅಲ್ಲಿ ಸ್ವಚ್ಛವಾಗಿ ಹಾಡುತ್ತದೆ.

2. ಪಡಸಾಲೆಯ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಹಿಂದೆಯೇ ಝಣಝಣ ಎಂದು ಸದ್ದು ಓಡಿದರೆ ಎದುರುಬದುರಿನ ಬೋಳು ಗೋಡೆಗಳು ಅದನ್ನು ಒಂದಕ್ಕೊಂದು ಎಸೆಯುತ್ತಿವೆ ಎಂದರ್ಥ. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ಉಪನ್ಯಾಸ ಸಭಾಂಗಣದಲ್ಲಿ ಆಡಿದ ಮಾತು ಐದು ಸೆಕೆಂಡಿಗೂ ಹೆಚ್ಚು ಕಾಲ ಉಳಿಯುತ್ತಿತ್ತು, ಪಾಠವೇ ಅರ್ಥವಾಗುತ್ತಿರಲಿಲ್ಲ. ವಾಲೇಸ್ ಸ್ಯಾಬಿನ್ ಎಂಬ ಭೌತಶಾಸ್ತ್ರದ ಮೇಷ್ಟ್ರು ರಾತ್ರಿಹೊತ್ತು ಪಕ್ಕದ ರಂಗಮಂದಿರದ ಮೆತ್ತೆಗಳನ್ನು ಹೊತ್ತು ತರಿಸಿ, ಒಂದೊಂದಾಗಿ ಇಟ್ಟು, ಸದ್ದು ಆರುವ ಹೊತ್ತನ್ನು ಅಳೆದರು. ತೆರೆದ ಕಿಟಕಿಯನ್ನು ಅವರು ಪೂರ್ತಿ ಹೀರುವ ಮೇಲ್ಮೈ ಎಂದು ಅಳತೆಗೋಲು ಮಾಡಿಕೊಂಡರು. ಅವರ ಸೂತ್ರದ ಪ್ರಕಾರ ಹತ್ತಡಿ ಎತ್ತರದ ಕೋಣೆಯಲ್ಲಿ ದನಿ ಅರ್ಧ ಸೆಕೆಂಡಿನಲ್ಲಿ ಆರಬೇಕಾದರೆ ನೆಲದ ವಿಸ್ತೀರ್ಣದಷ್ಟೇ ಪೂರ್ತಿ ಹೀರುವ ಮೇಲ್ಮೈ ಬೇಕು.

ಅದನ್ನು ಹೊಂದಿಸಲು ದುಬಾರಿ ಹಲಗೆಗಳೇ ಆಗಬೇಕಿಲ್ಲ. ನಮ್ಮ ಮನೆಗಳಲ್ಲಿ ಕೌದಿ, ಗಾದಿ, ಜಮಖಾನೆಗಳಿಗೆ ಬರವಿಲ್ಲ. ಮಡಚಿದ ಕೌದಿಗಳನ್ನು ಮೂಲೆಯಲ್ಲಿ ಎತ್ತರಕ್ಕೆ ಒಟ್ಟಿ, ನೆಲಕ್ಕೆ ಜಮಖಾನೆ ಹಾಸಿ, ಬಾಗಿಲು ತೆರೆದಿಟ್ಟು ಮತ್ತೆ ಚಪ್ಪಾಳೆ ತಟ್ಟಿ ನೋಡಿ. ತೆಳ್ಳಗಿನ ಬಟ್ಟೆಯನ್ನು ಗೋಡೆಗೆ ಅಂಟಿಸಿ ತೃಪ್ತರಾಗಬೇಡಿ, ಅದು ಮೇಲುಸ್ವರಗಳನ್ನಷ್ಟೇ ತಿಂದು ಗುಂಯ್‌ಗುಡುವಿಕೆಯನ್ನು ಹಾಗೇ ಬಿಡುತ್ತದೆ. ಮೊಟ್ಟೆಯ ಟ್ರೇಗಳಿಂದಂತೂ ಉಪಯೋಗವೇ ಇಲ್ಲ. ಹಳೆಯ ಮಾಳಿಗೆ ಮನೆಯಿದ್ದವರು ಅದೃಷ್ಟವಂತರು. ತೊಲೆ ಜಂತಿಗಳ ಚಾವಣಿ, ಗೂಡುಗಳಿರುವ ಮಣ್ಣಿನ ಗೋಡೆ ಸದ್ದನ್ನು ತಾವೇ ಚದುರಿಸುತ್ತವೆ. ಅಂಥ ಪಡಸಾಲೆ ಇದ್ದೂ ಟೈಲ್ಸಿನ ಹೊಸ ಹಾಲಿನಲ್ಲಿ ಸ್ಪೀಕರ್ ಇಡುವುದು ನನ್ನ ಮಟ್ಟಿಗೆ ದೊಡ್ಡ ನಷ್ಟ.

3. ಕೇಳಿ ಪಳಗಿದ ಸಂಗೀತವನ್ನೇ ಒಯ್ಯಿರಿ. ಅಂಗಡಿಯವರು ಹಾಕುವ ಹಾಡು ಯಾವ ಸ್ಪೀಕರಿನಲ್ಲೂ ಸೊಗಸಾಗಿ ಕೇಳುವಂಥದ್ದೇ ಆಗಿರುತ್ತದೆ. ಭೀಮಸೇನ ಜೋಶಿ, ಮಲ್ಲಿಕಾರ್ಜುನ ಮನಸೂರರ ಧ್ವನಿಮುದ್ರಣ ಹಾಕಿಸಿ. ತಂಬೂರಿಯ ಜೀವಾಳ ಝೇಂಕರಿಸುತ್ತದೆಯೇ, ಬರೀ ಸರಸರ ಎನ್ನುತ್ತದೆಯೇ? ಎಡಗೈಯ ಡಗ್ಗಾ ಒತ್ತಿದಾಗ ಸ್ವರ ಏರುವುದು ತಿಳಿಯುತ್ತದೆಯೇ? ಆಮೇಲೆ ಬರೀ ಮಾತು, ಒಂದು ವಾರ್ತೆ ಕೇಳಿ. ಮನುಷ್ಯನ ದನಿ ಕೊಡದೊಳಗಿಂದ ಬಂದಂತಿದ್ದರೆ ಆ ಸ್ಪೀಕರ್ ಬೇಡ. ಊರಿನ ಭಜನೆಯಲ್ಲಿ ಮೈಕಿಲ್ಲದೆ ಹಾರ್ಮೋನಿಯಂ, ತಬಲಾ, ತಾಳ ಕೇಳುತ್ತ ಬೆಳೆದವರ ಕಿವಿ ಈ ಪರೀಕ್ಷೆಗೆ ಹೇಳಿ ಮಾಡಿಸಿದ್ದು. ನಿಜವಾದ ವಾದ್ಯದ ದನಿ ನಿಮಗೆ ಗೊತ್ತು, ಅಂಗಡಿಯಲ್ಲಿ ಅದನ್ನೇ ನಂಬಿ.

4. ಎರಡು ಜೋಡಿಗಳನ್ನು ಹೋಲಿಸುವಾಗ ಸದ್ದು ಸಮವಿರಲಿ. ಕೊಂಚ ಜೋರಾಗಿ ಹಾಡುವುದೇ ಕಿವಿಗೆ ಉತ್ತಮ ಎನಿಸುತ್ತದೆ. 86 ಡೆಸಿಬೆಲ್ ಸೂಕ್ಷ್ಮತೆಯ ಸ್ಪೀಕರ್ 90 ಡೆಸಿಬೆಲ್‌ನ ಸ್ಪೀಕರಿನಷ್ಟು ಸದ್ದು ಮಾಡಲು ಎರಡೂವರೆ ಪಟ್ಟು ವಿದ್ಯುತ್ತು ಬೇಡುತ್ತದೆ. ಮೊಬೈಲಿನ ಸದ್ದಳೆಯುವ ಆ್ಯಪ್ ಹಿಡಿದು ವಾಲ್ಯೂಮ್ ಸರಿದೂಗಿಸಿ.

5. ಬೆಲೆ, ಹೆಸರು ನೋಡದೆ ಕೇಳಿ. ಧ್ವನಿ ಸಂಶೋಧಕರಾದ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ 1994ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸ್ಪೀಕರ್ ಕಣ್ಣಿಗೆ ಕಂಡಾಗ ಕೇಳುಗರು ಕೊಟ್ಟ ಅಂಕಗಳೂ ಪರದೆಯ ಹಿಂದಿದ್ದಾಗ ಕೊಟ್ಟ ಅಂಕಗಳೂ ಬೇರೆ ಬೇರೆಯಾದವು. ಜೊತೆಗೆ ಬಂದವರಿಗೆ ಬದಲಿಸಲು ಹೇಳಿ, ನೀವು ಕಣ್ಣು ಮುಚ್ಚಿಕೊಳ್ಳಿ.

6. ಮನೆಗೆ ತಂದ ಮೇಲೆ ಜಾಗ ಹುಡುಕಲು ಒಂದು ದಿನ ಪೂರ್ತಿ ಕೊಡಿ. ಟಿವಿ ಶೋಕೇಸಿನ ಪಕ್ಕ ಗೋಡೆಗೆ ಒತ್ತಿ ಇಡುವುದು ನಮ್ಮಲ್ಲಿ ರೂಢಿ. ಮೂಲೆಗೆ ಹೋದಷ್ಟೂ ಕೆಳಸ್ವರ ಉಬ್ಬುತ್ತದೆ. ಹಿಂಗೋಡೆಯಿಂದ ಸ್ಪೀಕರಿನ ಮುಖ ಎರಡಡಿ ದೂರವಿದ್ದರೆ ಗೋಡೆಗೆ ಬಡಿದು ಬಂದ ಅಲೆ ಸುಮಾರು 140 ಹರ್ಟ್ಸಿನಲ್ಲಿ ನೇರ ಅಲೆಯನ್ನು ಕುಗ್ಗಿಸುತ್ತದೆ. ಗಂಡುದನಿಯ ಬುಡವಿರುವುದು ಅಲ್ಲಿಯೇ. ಮೂರಡಿಯಿಂದ ಶುರುಮಾಡಿ ನಾಲ್ಕು ಬೆರಳಿನಷ್ಟು ಹಿಂದೆ ಮುಂದೆ ಸರಿಸುತ್ತ ಕೇಳಿ. ದನಿ ತುಂಬಿಕೊಂಡ ಕಡೆ ನೆಲಕ್ಕೆ ಟೇಪಿನ ಗುರುತು ಹಾಕಿ. ಎರಡು ಸ್ಪೀಕರು ಮತ್ತು ನಿಮ್ಮ ಕುರ್ಚಿ ಸಮಬಾಹು ತ್ರಿಕೋನವಾಗಲಿ, ಮೇಲುಸ್ವರ ನುಡಿಸುವ ಟ್ವೀಟರ್ ಕುಳಿತವರ ಕಿವಿಯ ಮಟ್ಟಕ್ಕಿರಲಿ, ಕುರ್ಚಿ ಹಿಂದಿನ ಗೋಡೆಗೆ ಅಂಟದಿರಲಿ. ಪಕ್ಕದ ಗೋಡೆಯ ಮೇಲೆ ಒಬ್ಬರು ಕನ್ನಡಿ ಜರುಗಿಸಲಿ. ಕುಳಿತಲ್ಲಿಂದ ಕನ್ನಡಿಯಲ್ಲಿ ಸ್ಪೀಕರ್ ಕಂಡ ಜಾಗದಲ್ಲಿ ದಪ್ಪ ಕೌದಿ ತೂಗುಹಾಕಿ.

7. ಕೇಳುವಾಗ ಫ್ಯಾನ್ ನಿಲ್ಲಿಸಿ, ಸಣ್ಣ ಮುರುಕಿಗಳು ಅದರ ಸದ್ದಿನಲ್ಲಿ ಮುಳುಗುತ್ತವೆ. ಕರೆಂಟು ಹೋಗುವ ಊರಲ್ಲಿ ಇನ್ವರ್ಟರ್ ಶುದ್ಧ ಸೈನ್ ವೇವಿನದಾಗಿರಲಿ. ಅಗ್ಗದ ಚೌಕ ಅಲೆಯ ಇನ್ವರ್ಟರಿನಲ್ಲಿ ಆಂಪ್ಲಿಫೈಯರ್ ಗುರ್ ಎನ್ನುತ್ತದೆ.

8. ಹಣವೆಲ್ಲವನ್ನೂ ಪೆಟ್ಟಿಗೆಗಳಿಗೇ ಸುರಿಯಬೇಡಿ, ಒಂದು ಪಾಲು ಕೋಣೆಗೆ ಇಡಿ. ಮುಂಗಡ ಕೊಡುವ ಮೊದಲು ಅಂಗಡಿಯವರನ್ನು ನೇರವಾಗಿ ಕೇಳಿ: ವಾರದ ಮಟ್ಟಿಗೆ ಮನೆಯಲ್ಲಿಟ್ಟು ಕೇಳಲು ಕೊಡುತ್ತೀರಾ? ಹೊಂದದಿದ್ದರೆ ವಾಪಸು ತೆಗೆದುಕೊಳ್ಳುತ್ತೀರಾ? ಒಪ್ಪಿದರೆ ಅದನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಒಪ್ಪದಿದ್ದರೆ ಇನ್ನೊಂದು ಅಂಗಡಿ ನೋಡಿ.