ಭಯಕ್ಕೆ ಕಟ್ಟುವ ಬಡ್ಡಿ

ಟುಲೂಸ್‌ನಲ್ಲಿ ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ಶನಿವಾರ ಬೆಳಿಗ್ಗೆ ಫ್ರೆಂಚ್ ಮಾತುಕತೆಯ ಕೂಟ ನಡೆಯುತ್ತದೆ. ಹೊಸದಾಗಿ ಫ್ರಾನ್ಸಿಗೆ ಬಂದವರಿಗೆ ನಿವೃತ್ತ ಮೇಷ್ಟರುಗಳು ಪುಕ್ಕಟೆಯಾಗಿ ಹೇಳಿಕೊಡುವ ಪಾಠ. ಮೊದಲ ಸುತ್ತಿನಲ್ಲಿ ಎಲ್ಲರೂ ಊರು ಹೇಳಬೇಕು, ಯಾಕೆ ಬಂದಿರಿ ಅನ್ನುವುದನ್ನು ಹೇಳಬೇಕು. ಅಷ್ಟಾದ ಮೇಲೆ ಮಾತು ಹವಾಮಾನಕ್ಕೋ ಸಿನಿಮಾಕ್ಕೋ ಹೊರಳಬೇಕು ಅನ್ನುವುದು ಮೇಷ್ಟರುಗಳ ಆಸೆ. ಅದು ಮಾತ್ರ ಪ್ರತಿ ಸಲವೂ ದುಡ್ಡಿಗೇ ಬಂದು ನಿಲ್ಲುತ್ತಿತ್ತು. ಬಾಡಿಗೆ, ಬ್ಯಾಂಕು, ತೆರಿಗೆ ಅಂದರೆ ಸಾಕು, ಅಲ್ಲಿಯವರೆಗೆ ತಡವರಿಸುತ್ತಿದ್ದವರ ಫ್ರೆಂಚ್ ಕೂಡ ಸಲೀಸಾಗಿಬಿಡುತ್ತಿತ್ತು.

ಕೆಲವು ವಾರ ಕೇಳಿಸಿಕೊಂಡ ಮೇಲೆ, ಊರು ಯಾವುದೆಂದು ತಿಳಿದರೆ ಆ ಮನುಷ್ಯ ದುಡ್ಡನ್ನು ಎಲ್ಲಿಡುತ್ತಾನೆ ಎಂದು ಊಹಿಸುವುದು ನನಗೆ ಚಟವಾಯಿತು. ಬೇರೂತಿನಿಂದ ಬಂದಿದ್ದ ಒಬ್ಬಾಕೆ ಸಂಬಳ ಬಂದ ದಿನವೇ ಬಾಡಿಗೆಗೆ ಬೇಕಾದಷ್ಟನ್ನು ಖಾತೆಯಲ್ಲಿ ಬಿಟ್ಟು ಮಿಕ್ಕದ್ದನ್ನು ನಗದಾಗಿ ತೆಗೆದುಬಿಡುತ್ತಿದ್ದರು. 2019ರಲ್ಲಿ ಲೆಬನಾನಿನ ಬ್ಯಾಂಕುಗಳು ಜನರ ಡಾಲರ್ ಠೇವಣಿಗೆ ಬೀಗ ಹಾಕಿದ್ದನ್ನು ಕಂಡವರು ಅವರು. ಅರ್ಜೆಂಟೀನಾದ ಹುಡುಗ ಹುಟ್ಟಾ ತಮಾಷೆಗಾರ, ಬ್ಯಾಂಕಿನ ಮಾತು ಬಂದರೆ ಮಾತ್ರ ಮುಖ ಗಂಟು ಹಾಕಿಕೊಳ್ಳುತ್ತಿದ್ದ. 2001ರ ಡಿಸೆಂಬರಿನಲ್ಲಿ ಅಲ್ಲಿನ ಸರ್ಕಾರ ವಾರಕ್ಕೆ 250 ಪೆಸೊಗಿಂತ ಹೆಚ್ಚು ತೆಗೆಯುವಂತಿಲ್ಲ ಎಂದು ಕಟ್ಟು ಹಾಕಿದಾಗ ಅವನ ಅಪ್ಪ ಕ್ಯೂನಲ್ಲಿ ನಿಂತಿದ್ದರಂತೆ. ಅಮೆರಿಕದ ಮಹಿಳೆಗೆ ಬ್ಯಾಂಕಿನ ಮೇಲೆ ಭಯವಿರಲಿಲ್ಲ, ಬ್ಯಾಂಕುಗಳಿಗೇ ಆಕೆಯನ್ನು ಕಂಡರೆ ಹಿಂಜರಿಕೆ. ತನ್ನ ಪ್ರಜೆಗಳ ವಿದೇಶಿ ಖಾತೆಗಳ ಲೆಕ್ಕ ಒಪ್ಪಿಸಿ ಎಂದು ಅಮೆರಿಕ 2010ರಲ್ಲಿ ಕಾನೂನು ಮಾಡಿದ ಮೇಲೆ, ಆ ರಗಳೆಯೇ ಬೇಡವೆಂದು ಎಷ್ಟೋ ಬ್ಯಾಂಕುಗಳು ಅಮೆರಿಕನ್ನರಿಗೆ ಖಾತೆ ತೆರೆಯಲು ಹಿಂದೆಗೆಯುತ್ತವೆ. ಆಕೆಯ ನಿಜವಾದ ಭಯ ಆಸ್ಪತ್ರೆಯ ಬಿಲ್ಲು. ಇಲ್ಲಿ ಬಂದು ವರ್ಷಗಳಾದರೂ ಕೈ ಉಳುಕಿದರೆ ಮೊದಲು ಖರ್ಚು ಎಷ್ಟಾಗುತ್ತದೆ ಎಂದು ಕೇಳುತ್ತಿದ್ದರು.

ನಮಗೆ ಪಾಠ ಮಾಡುತ್ತಿದ್ದ ಅಜ್ಜಿಯೂ ಮೂಲದಲ್ಲಿ ಹೊರಗಿನವರೇ. 1939ರಲ್ಲಿ ಸ್ಪೇನಿನ ಅಂತರ್ಯುದ್ಧದಲ್ಲಿ ಸೋತ ಗಣರಾಜ್ಯದ ಪರದವರು ಲಕ್ಷಗಟ್ಟಲೆ ಪಿರನೀಸ್ ಬೆಟ್ಟ ದಾಟಿ ಬಂದಾಗ, ಟುಲೂಸ್ ಅವರ ದೊಡ್ಡ ನೆಲೆಯಾಯಿತು. ಅಜ್ಜಿಯ ತಂದೆತಾಯಿ ಆ ಗುಂಪಿನವರು. ಬರುವ ವರ್ಷ ಫ್ರಾಂಕೊ ಬೀಳುತ್ತಾನೆ, ವಾಪಸು ಹೋಗುತ್ತೇವೆ ಎಂದುಕೊಂಡು ಅವರಮ್ಮ ಒಂದು ಒಳ್ಳೆಯ ಬೀರುವನ್ನೂ ಕೊಳ್ಳಲಿಲ್ಲವಂತೆ. ಫ್ರಾಂಕೊ ಸತ್ತದ್ದು 1975ರಲ್ಲಿ. ಅಷ್ಟು ಹೊತ್ತಿಗೆ ಬಾಡಿಗೆಗೆ ಸುರಿದ ದುಡ್ಡಿನಲ್ಲಿ ಎರಡು ಮನೆ ಬರುತ್ತಿತ್ತು ಎಂದು ಅಜ್ಜಿ ನಗುತ್ತಿದ್ದರು.

ಇನ್ನು ನನ್ನ ಕಥೆ. ಅಪ್ಪ ಬೆಂಗಳೂರಿನ ಎಚ್‌ಎಎಲ್‌ನಲ್ಲಿದ್ದವರು. ಅಲ್ಲಿ ಅವರು ಕೈಯಾಡಿಸುತ್ತಿದ್ದ ಚೇತಕ್ ಹೆಲಿಕಾಪ್ಟರಿನ ವಿನ್ಯಾಸ ಫ್ರಾನ್ಸಿನದು, ಹಾಗಾಗಿ ಮಗ ಟುಲೂಸ್‌ಗೆ ವಿಮಾನದ ಕೆಲಸಕ್ಕೆ ಹೊರಟಾಗ ಅವರಿಗೆ ಅಷ್ಟೇನೂ ದೂರ ಅನ್ನಿಸಲಿಲ್ಲ. ದುಡ್ಡಿನ ವಿಷಯದಲ್ಲಿ ಅವರು ಕಲಿಸಿದ್ದು ಮೂರೇ: ಸೈಟು, ಎಲ್‌ಐಸಿ, ಚಿನ್ನ. ನಾನು ಬಂದ 2015ರಲ್ಲಿ ಯೂರೋಗೆ 70 ರೂಪಾಯಿಯ ಆಸುಪಾಸು. ಈಗ ನೂರು ದಾಟಿದೆ. ಕಾಫಿ ಕುಡಿದರೂ ರೂಪಾಯಿಗೆ ಗುಣಿಸಿ ಹೊಟ್ಟೆ ಉರಿಸಿಕೊಳ್ಳುವ ರೋಗ ನಮ್ಮವರಿಗೆಲ್ಲ ಇರುವುದೇ. ಆ ಗುಣಾಕಾರದ ಇನ್ನೊಂದು ಮುಖ ಹೆಚ್ಚು ಅಪಾಯದ್ದು: ಊರಿನಲ್ಲಿ ಎಲ್ಲವೂ ಅಗ್ಗವಾಗಿ ಕಾಣುತ್ತದೆ, ದುಡ್ಡು ಅಲ್ಲಿಗೇ ಹರಿಯುತ್ತದೆ.

ಫ್ರಾನ್ಸಿನಲ್ಲಿ ನೆಲೆ ನಿಲ್ಲುವವರಿಗೆ ಮೊದಲ ಪೆಟ್ಟು ಬಾಡಿಗೆ ಮನೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಎಣಿಸಿದರೆ ಬೀಗದ ಕೈ ಸಿಗುತ್ತದೆ. ಇಲ್ಲಿ ಖಾಲಿ ಮನೆಗೆ ಒಂದು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ತೆಗೆದುಕೊಳ್ಳುವಂತಿಲ್ಲ, ಸಾಮಾನು ಸಮೇತದ ಮನೆಯಾದರೆ ಎರಡು ತಿಂಗಳದ್ದು. ಕೇಳಲು ಸುಖ. ಆದರೆ ಬಾಡಿಗೆ ಕೊಡದವರನ್ನು ನವೆಂಬರ್ 1ರಿಂದ ಮಾರ್ಚ್ 31ರವರೆಗೆ ಮನೆಯಿಂದ ಹೊರಹಾಕಲು ಕಾನೂನು ಬಿಡುವುದಿಲ್ಲ. ಚಳಿಗಾಲ ಮುಗಿದ ಮೇಲೂ ಕೋರ್ಟು ಕಚೇರಿಯ ಅಲೆದಾಟ ತಪ್ಪದು. ಅದಕ್ಕೇ ಮಾಲೀಕರು ದುಡ್ಡಿನ ಬದಲು ಕಾಗದ ಕೇಳುತ್ತಾರೆ: ಬಾಡಿಗೆಯ ಮೂರು ಪಟ್ಟು ಸಂಬಳ, ಕಾಯಂ ನೌಕರಿಯ ಕರಾರು, ಹಿಂದಿನ ಮೂರು ತಿಂಗಳ ಸಂಬಳದ ಚೀಟಿ, ತೆರಿಗೆಯ ಪತ್ರ, ಮೇಲೊಬ್ಬ ಜಾಮೀನುದಾರ. ನಿನ್ನೆ ವಿಮಾನ ಇಳಿದವನ ಹತ್ತಿರ ಫ್ರಾನ್ಸಿನ ತೆರಿಗೆ ಪತ್ರ ಎಲ್ಲಿಂದ ಬರಬೇಕು? ವರ್ಷದ ಬಾಡಿಗೆ ಒಟ್ಟಿಗೇ ಕೊಡುತ್ತೇನೆ ಎಂದು ನಾನು ಅಂದರೂ ಯಾರೂ ಮೂಸಿ ನೋಡಲಿಲ್ಲ. ಮೂವತ್ತರೊಳಗಿನವರಿಗೆ ‘ವಿಸಾಲ್’ ಎಂಬ ಪುಕ್ಕಟೆ ಜಾಮೀನು ವ್ಯವಸ್ಥೆ 2016ರಿಂದ ಇದೆ, ಹೊಸ ಹುಡುಗರು ಬಂದರೆ ನಾನು ಮೊದಲು ಹೇಳುವುದು ಅದನ್ನು. ಬ್ಯಾಂಕಿನವರು ಖಾತೆಗೆ ವಿಳಾಸದ ಪುರಾವೆ ಕೇಳುತ್ತಾರೆ, ಮನೆಯವರು ಬ್ಯಾಂಕ್ ಖಾತೆ ಕೇಳುತ್ತಾರೆ. ಈ ಗಾಣದಲ್ಲಿ ಸುತ್ತದೆ ಯಾರೂ ಇಲ್ಲಿ ನೆಲೆ ಕಂಡಿಲ್ಲ.

ಎರಡನೇ ಪೆಟ್ಟು ಸಂಬಳದ ಚೀಟಿ. ನೂರು ಯೂರೋ ಎಂದು ಒಪ್ಪಿಕೊಂಡಲ್ಲಿ ಸಾಮಾಜಿಕ ಭದ್ರತೆಯ ವಂತಿಗೆ ಕಳೆದು ಕೈಗೆ ಬರುವುದು 75-78. ಆದಾಯ ತೆರಿಗೆ ಬೇರೆ, 2019ರ ಜನವರಿಯಿಂದ ಅದೂ ಸಂಬಳದಲ್ಲೇ ಮುರಿದು ಹೋಗುತ್ತದೆ. ನಮ್ಮವರು ಇದನ್ನು ನೋಡಿ ‘ಲೂಟಿ’ ಎನ್ನುತ್ತಾರೆ. ಆ ಮಾತು ನನಗೆ ಒಪ್ಪಿಗೆಯಿಲ್ಲ. ಡಾಕ್ಟರ ಭೇಟಿಗೆ ಈಗ 30 ಯೂರೋ. ಅದರಲ್ಲಿ 19 ಸರ್ಕಾರಿ ವಿಮೆಯಿಂದ ವಾಪಸು ಬರುತ್ತದೆ, 9 ಪೂರಕ ವಿಮೆಯಿಂದ. ಆ ಪೂರಕ ವಿಮೆಯ ಕಂತಿನಲ್ಲಿ ಅರ್ಧವನ್ನಾದರೂ ಕಂಪನಿ ಭರಿಸಬೇಕು ಎಂಬುದು 2016ರಿಂದ ಕಾನೂನು. ನನ್ನ ಜೇಬಿನಿಂದ ಹೋಗುವುದು ಎರಡು ಯೂರೋ. ಕಂಪನಿ ಕೆಲಸದಿಂದ ತೆಗೆದರೆ, 55 ದಾಟದವರಿಗೆ ದುಡಿದ ಅವಧಿಗೆ ತಕ್ಕಂತೆ ಒಂದೂವರೆ ವರ್ಷದವರೆಗೂ ಭತ್ಯೆ ಸಿಗುತ್ತದೆ. ಇದೆಲ್ಲ ಪುಕ್ಕಟೆಯಲ್ಲ, ಆ ಚೀಟಿಯಲ್ಲಿ ಕಟ್ಟಾದ ಯೂರೋಗಳೇ.

ಇಷ್ಟು ಕಟ್ಟಿಯೂ ಊರಿನ ಭಯಕ್ಕೆ ಇನ್ನೊಮ್ಮೆ ಕಟ್ಟುವುದು ನಮ್ಮ ಅಭ್ಯಾಸ. ದಾವಣಗೆರೆ ಕಡೆಯ ಗೆಳೆಯನೊಬ್ಬ ಇಲ್ಲಿ ವಾಸವಿದ್ದುಕೊಂಡು ಅಲ್ಲಿ ತನಗೆ ಆರೋಗ್ಯ ವಿಮೆ ಕಟ್ಟುತ್ತಾನೆ, ಮೂರು ಎಲ್‌ಐಸಿ ಪಾಲಿಸಿ ಇಟ್ಟಿದ್ದಾನೆ, ಬೆಂಗಳೂರಿನಲ್ಲಿ ಫ್ಲ್ಯಾಟಿನ ಕಂತು ಬೇರೆ. ಮಾಲೀಕ ಅನಿವಾಸಿ ಎಂದ ಕೂಡಲೇ ಬಾಡಿಗೆದಾರ ಪ್ರತಿ ತಿಂಗಳೂ ಬಾಡಿಗೆಯಲ್ಲಿ ಶೇ 31.2ರಷ್ಟು ಟಿಡಿಎಸ್ ಹಿಡಿದು ಕಟ್ಟಬೇಕು. ಈ ಉಸಾಬರಿ ಯಾರಿಗೆ ಬೇಕು ಎಂದು ಒಳ್ಳೆಯ ಬಾಡಿಗೆದಾರರು ಜಾರಿಕೊಳ್ಳುತ್ತಾರೆ. ಫ್ಲ್ಯಾಟು ವರ್ಷದಲ್ಲಿ ಕೆಲವು ತಿಂಗಳು ಖಾಲಿ. ಹೊಸಕೋಟೆ ಕಡೆಯ ನನ್ನ ಸೈಟಿನದು ಬೇರೆ ಸಡಗರ: ಕಂದಾಯ, ಬೇಲಿ, ಗಿಡ ಸವರಿಸುವ ಕೂಲಿ, ಇ-ಖಾತಾ. ರಜೆಗೆಂದು ಊರಿಗೆ ಹೋದರೆ ಅಮ್ಮನ ಅಡುಗೆಗಿಂತ ಕಚೇರಿಯ ಬೆಂಚೇ ಹೆಚ್ಚು ದಕ್ಕುತ್ತದೆ.

ಕಾಗದದ ವಿಷಯ ಬಂದಾಗ ಒಂದು ಮಾತು. ಫ್ರಾನ್ಸಿನ ನಿವಾಸಿಯಾದ ಮೇಲೆ ಇಂಡಿಯಾದ ಪ್ರತಿ ಬ್ಯಾಂಕ್ ಖಾತೆಯನ್ನೂ, ಎಲ್‌ಐಸಿ ಪಾಲಿಸಿಯನ್ನೂ ವರ್ಷವರ್ಷ ತೆರಿಗೆ ವಿವರದ ಜೊತೆ 3916 ಎಂಬ ನಮೂನೆಯಲ್ಲಿ ತೋರಿಸಬೇಕು. ತೆರಿಗೆ ಬೀಳುತ್ತದೋ ಇಲ್ಲವೋ ಅದು ಬೇರೆ ಪ್ರಶ್ನೆ, ತೋರಿಸದಿದ್ದರೆ ಒಂದೊಂದು ಖಾತೆಗೆ 1,500 ಯೂರೋ ದಂಡ. ಕಾಲೇಜು ದಿನಗಳಲ್ಲಿ ತೆರೆದು ಮರೆತ ಖಾತೆಯಲ್ಲಿ ಮುನ್ನೂರು ರೂಪಾಯಿ ಇದ್ದರೂ ಲೆಕ್ಕ ಇದೇ. ಅತ್ತ ಇಂಡಿಯಾದಲ್ಲಿ ಸಾಮಾನ್ಯ ಉಳಿತಾಯ ಖಾತೆಯನ್ನು ಅನಿವಾಸಿಗಳ ಎನ್‌ಆರ್‌ಒ ಖಾತೆಯಾಗಿ ಮಾಡಿಸಿಕೊಳ್ಳಬೇಕು. ನನ್ನ ಸಲಹೆ ಸರಳ: ಬೇಡದ ಖಾತೆಗಳನ್ನು ಮುಂದಿನ ರಜೆಯಲ್ಲಿ ಮುಚ್ಚಿ, ಒಂದೆರಡು ಉಳಿಸಿಕೊಳ್ಳಿ.

ನೆನಪಿಡಬೇಕಾದ ಇನ್ನೊಂದು, ಎರಡೂ ದೇಶಗಳ ನಡುವಿನ ಸಾಮಾಜಿಕ ಭದ್ರತಾ ಒಪ್ಪಂದ. 2011ರ ಜುಲೈ 1ರಿಂದ ಜಾರಿಯಲ್ಲಿದೆ. ಇಂಡಿಯಾದ ಕಂಪನಿ ಕಳಿಸಿದ ನೌಕರರು 60 ತಿಂಗಳವರೆಗೆ ಅಲ್ಲಿಯ ಪಿಎಫ್‌ನಲ್ಲೇ ಮುಂದುವರಿಯಬಹುದು, ಪಿಂಚಣಿಯನ್ನು ಇಲ್ಲಿ ಎರಡನೇ ಸಲ ಕಟ್ಟಬೇಕಾಗಿಲ್ಲ. ನನ್ನ ಹಾಗೆ ಇಲ್ಲಿಯ ನೌಕರಿಗೇ ಸೇರಿದವರು ಎರಡೂ ಕಡೆ ದುಡಿದ ಅವಧಿಯನ್ನು ಪಿಂಚಣಿಯ ಅರ್ಹತೆಗೆ ಜೋಡಿಸಿಕೊಳ್ಳಬಹುದು. ಊರಿನ ಪಿಎಫ್ ದಾಖಲೆ ಬಿಸಾಡಬೇಡಿ ಎಂದು ನಾನು ಕಂಡಕಂಡವರಿಗೆ ಹೇಳುವುದು ಇದಕ್ಕೇ.

ಹಾಗಾದರೆ ಇಲ್ಲಿ ಉಳಿಸುವುದು ಎಲ್ಲಿ? ಶುರು ಮಾಡಬೇಕಾದ್ದು 1818ರಷ್ಟು ಹಳೆಯದಾದ ‘ಲಿವ್ರೆ ಆ’ ಎಂಬ ಉಳಿತಾಯ ಖಾತೆಯಿಂದ. ತಲೆಗೊಂದೇ ಖಾತೆ, 22,950 ಯೂರೋವರೆಗೆ ಹಾಕಬಹುದು, ಬಡ್ಡಿಗೆ ಒಂದು ಸೆಂಟೂ ತೆರಿಗೆಯಿಲ್ಲ, ಬೇಕೆಂದಾಗ ತೆಗೆಯಬಹುದು. ಬಡ್ಡಿ ಲೆಕ್ಕ ಹಾಕುವುದು ಹದಿನೈದು ದಿನಕ್ಕೊಮ್ಮೆ, ಹಾಗಾಗಿ 15ನೇ ತಾರೀಕಿನೊಳಗೆ ಹಾಕಿದ ದುಡ್ಡು 16ರಿಂದ ದುಡಿಯುತ್ತದೆ, 17ಕ್ಕೆ ಹಾಕಿದ್ದು ತಿಂಗಳ ಕೊನೆಯವರೆಗೆ ನಿದ್ದೆ ಮಾಡುತ್ತದೆ. ದರ ಮಾತ್ರ ಸರ್ಕಾರದ ಮರ್ಜಿ: 2023ರಲ್ಲಿ ಶೇ 3 ಇದ್ದದ್ದು 2025ರ ಆಗಸ್ಟಿಗೆ 1.7ಕ್ಕೆ ಇಳಿಯಿತು. ಊರಿನ ಎಫ್‌ಡಿ ನೆನೆದರೆ ನಗು ಬರುತ್ತದೆ. ಆದರೆ ಯೂರೋದಲ್ಲಿ ಬರುವ ಖರ್ಚಿಗೆ ಯೂರೋದಲ್ಲೇ ಉಳಿತಾಯ ಇರಬೇಕು ಎಂಬುದು ನನ್ನ ಹಟ. ಇಲ್ಲಿ ಮನೆ ಕೊಳ್ಳಲು ಹೊರಟರೂ ಸಾಲದ ಕಂತು ಆದಾಯದ ಶೇ 35 ಮೀರಬಾರದು, ಅವಧಿ ಸಾಮಾನ್ಯವಾಗಿ 25 ವರ್ಷ ದಾಟಬಾರದು. ಊರಿನ ಫ್ಲ್ಯಾಟಿನ ಕಂತನ್ನೂ ಇಲ್ಲಿಯ ಬ್ಯಾಂಕು ಅದೇ ಶೇ 35ರೊಳಗೆ ಸೇರಿಸಿ ಎಣಿಸುತ್ತದೆ. ದಾವಣಗೆರೆಯ ಗೆಳೆಯನ ಸಾಲದ ಅರ್ಜಿ ಬಿದ್ದುಹೋದದ್ದು ಅಲ್ಲಿಯೇ.

ನಾವು ಕಳೆದ ವರ್ಷ ಹೊಸಕೋಟೆಯ ಸೈಟು ಮಾರಾಟಕ್ಕಿಟ್ಟೆವು. ಅಪ್ಪ ಎರಡು ವಾರ ಫೋನಿನಲ್ಲಿ ಸರಿಯಾಗಿ ಮಾತಾಡಲಿಲ್ಲ. ಚಿನ್ನವನ್ನೂ ಕರಗಿಸೋಣ ಎಂದು ನಾನು ಪ್ರಸ್ತಾಪ ತೆಗೆದಾಗ ಹೆಂಡತಿ ಕೇಳಿದ್ದು ಒಂದೇ: ‘ನೀವು ಇಲ್ಲಿಗೆ ಬಂದ ವರ್ಷ ಗ್ರಾಂಗೆ ಎಷ್ಟಿತ್ತು, ಈಗ ಎಷ್ಟಿದೆ, ನಿಮ್ಮ ಲಿವ್ರೆ ಆ ಎಷ್ಟು ಕೊಟ್ಟಿತು?’ ಒಡವೆ ಮಾರಿದರೆ 5,000 ಯೂರೋ ಮೀರಿದ ಮಾರಾಟಕ್ಕೆ ಇಲ್ಲಿ ಶೇ 6.5 ತೆರಿಗೆ ಬೀಳುತ್ತದೆ ಎಂದು ನಾನು ವಾದ ಹೂಡಿದೆ. ‘ಮಾರುವವರು ಯಾರು?’ ಅಂದಳು.