ತುರ್ಕಿ ಕಾದಂಬರಿಯಲ್ಲಿ ಪೂರ್ವ–ಪಶ್ಚಿಮ: ‘ಸಮಯ ಸರಿಪಡಿಸುವ ಸಂಸ್ಥೆ’ಯ ಒಂದು ಓದು

ತೌಲನಿಕ ಸಾಹಿತ್ಯದಲ್ಲಿ ತುರ್ಕಿಯ ಮಾತು ಬಂದೊಡನೆ ‘ಪೂರ್ವ–ಪಶ್ಚಿಮಗಳ ಸಂಘರ್ಷ’ ಎಂದು ಬರೆದುಬಿಡುವುದು ರೂಢಿ. ಅದು ಸುಳ್ಳಲ್ಲ, ಆದರೆ ಕಾದಂಬರಿಯನ್ನು ಓದದೆಯೂ ಬರೆಯಬಹುದಾದ ಮಾತು. ಅಹ್ಮೆತ್ ಹಮ್ದಿ ತಾನ್‌ಪಿನಾರ್ (1901–1962) ಅವರ ‘ಸಮಯ ಸರಿಪಡಿಸುವ ಸಂಸ್ಥೆ’ (1961) ಈ ಸಿದ್ಧ ಉತ್ತರಕ್ಕೆ ಒಗ್ಗುವುದಿಲ್ಲ.

ಮೊದಲು ಹಿನ್ನೆಲೆ. ಹಳೆಯ ತುರ್ಕಿಯಲ್ಲಿ ಸೂರ್ಯ ಮುಳುಗಿದಾಗ 12 ಗಂಟೆ. ಅಸ್ತಮಾನದ ಹೊತ್ತು ಬದಲಾದಂತೆ ಗಡಿಯಾರವನ್ನೂ ತಿರುಗಿಸಿಕೊಳ್ಳಬೇಕು. ಅದಕ್ಕೆಂದೇ ಮಸೀದಿಗಳ ಬಳಿ ವೇಳೆ ನೋಡುವ ಮನೆಗಳಿದ್ದವು. 1926ರ ಜನವರಿಯಿಂದ ಯುರೋಪಿನ ಪಂಚಾಂಗವೂ ಮಧ್ಯರಾತ್ರಿಯಿಂದ ಎಣಿಸುವ ದಿನವೂ ಬಂದವು. 1928ರಲ್ಲಿ ಅರಬ್ಬೀ ಲಿಪಿ ಹೋಗಿ ಲ್ಯಾಟಿನ್ ಲಿಪಿ ಬಂದಿತು. (ಅಜ್ಜನ ಮೋಡಿ ಕಾಗದಗಳನ್ನು ಓದಲಾರದ ನಮ್ಮ ಗಡಿಸೀಮೆಯ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.)

ಕಾದಂಬರಿಯ ನಿರೂಪಕ ಹೈರಿ ಇರ್ದಾಲ್ ಬಾಲ್ಯದಲ್ಲಿ ವೇಳೆಗಾರ ನೂರಿ ಎಫೆಂದಿಯ ಬಳಿ ಗಡಿಯಾರಗಳನ್ನು ಪ್ರೀತಿಸಲು ಕಲಿತವನು. ಮುಂದೆ ಹಾಲಿತ್ ಅಯಾರ್ಜಿ ಎಂಬ ಚತುರನೊಡನೆ ಸೇರಿ ಊರ ಗಡಿಯಾರಗಳನ್ನೆಲ್ಲ ಸಮಗೊಳಿಸುವ ಸಂಸ್ಥೆಯನ್ನು ಕಟ್ಟುತ್ತಾನೆ. ವೇಳೆ ತಪ್ಪಿದ ಗಡಿಯಾರಕ್ಕೆ ದಂಡ, ನೌಕರಿಗಳು ಬಂಧುಬಳಗಕ್ಕೆ. ಇದು ಆಧುನೀಕರಣದ ವಿಡಂಬನೆ ಎಂದು ಹೇಳಿ ನಿಲ್ಲಿಸಬಹುದಿತ್ತು.

ಆದರೆ ತಿರುಳಿರುವುದು ಮುಂದೆ. ಈ ಹೊಚ್ಚಹೊಸ ಸಂಸ್ಥೆಗೆ ಒಬ್ಬ ಪೂರ್ವಿಕ ಬೇಕಾಗುತ್ತಾನೆ! ಎಂದೂ ಬದುಕಿರದ, 17ನೆಯ ಶತಮಾನದವನೆಂದು ಕಲ್ಪಿಸಿದ ಅಹ್ಮೆತ್ ಜಮಾನಿಯ ಜೀವನಚರಿತ್ರೆಯನ್ನು ಹೈರಿ ಬರೆಯುತ್ತಾನೆ. ಡಚ್ ವಿದ್ವಾಂಸನೊಬ್ಬ ಅವನನ್ನು ಅರಸಿ ಬರುತ್ತಾನೆ. ಇಲ್ಲದವನಿಗೆ ಗೋರಿಯೂ ಸಿಗುತ್ತದೆ. ನಿಜವಾಗಿ ಬದುಕಿದ್ದ ನೂರಿ ಎಫೆಂದಿಯ ಮಾತುಗಳು ಮಾತ್ರ ಸಂಸ್ಥೆಯ ಘೋಷಣೆಗಳಾಗಿ ಬಳಕೆಯಾಗುತ್ತವೆ. ಪಶ್ಚಿಮ ಬಂದು ಪೂರ್ವವನ್ನು ಅಳಿಸಿತು ಎಂಬ ದುಃಖದ ಕತೆ ಇದಲ್ಲ. ಹೊಸ ವ್ಯವಸ್ಥೆ ತನಗೊಪ್ಪುವ ಪೂರ್ವವನ್ನೂ ತಾನೇ ತಯಾರಿಸಿಕೊಂಡಿತು ಎಂಬುದು ಇಲ್ಲಿಯ ಹೆಚ್ಚು ಕಟುವಾದ ಕಾಣ್ಕೆ.

ರೆಜಾಯಿಜಾದೆ ಎಕ್ರೆಮ್ 1896ರ ‘ಗಾಡಿಯ ಮೋಹ’ದಲ್ಲಿ ಫ್ರೆಂಚ್ ಹುಚ್ಚಿನ ಬಿಹ್ರೂಜ್‌ನನ್ನು ಚಿತ್ರಿಸಿದಾಗ ಓದುಗ ಹೊರಗೆ ನಿಂತು ನಗಬಹುದಿತ್ತು. ತಾನ್‌ಪಿನಾರ್ ಆ ಅನುಕೂಲವನ್ನು ಕೊಡುವುದಿಲ್ಲ. ಕತೆ ಹೇಳುವವನೇ ಫಲಾನುಭವಿ. ಅವನ ಮೇಲೆ ನಮಗೆ ಮಮತೆಯೂ ಹುಟ್ಟಿರುತ್ತದೆ. ಓರ್ಹಾನ್ ಪಾಮುಕ್ ಅವರ ‘ಬಿಳಿಯ ಕೋಟೆ’ಯಲ್ಲಿ (1985) ವೆನಿಸ್‌ನ ಸೆರೆಯಾಳು ಮತ್ತು ತುರ್ಕಿ ಪಂಡಿತ ಒಂದೇ ಮುಖದವರಾಗುವುದನ್ನು ಇದರ ಬಳಿಕ ಓದುವುದೊಳಿತು.

ಜಮಾನಿಯ ಪ್ರಸಂಗದಲ್ಲಿ ಹೈರಿಯ ದನಿಯನ್ನು ಗಮನಿಸಿರಿ. ಅಲ್ಲಿ ನಾಚಿಕೆ ಎಲ್ಲಿ ಮುಗಿದು ಹೆಮ್ಮೆ ಎಲ್ಲಿ ಮೊದಲಾಗುತ್ತದೆ ಎಂಬುದನ್ನು ಪುಟದ ಅಂಚಿನಲ್ಲಿ ಗುರುತಿಸಿಕೊಂಡು ತರಗತಿಗೆ ಬನ್ನಿರಿ.